ಹೊರಡುವಾಗಿನ ಮಾತು

ಬಿಕ್ಕೋಡಿನಿಂದ ಬೇಲೂರಿಗೆ ಹೊರಟ ಬಸ್ಸಿನಲ್ಲಿ ರೆಹಾನಾಳ ಸೆರಗಿನೊಳಗೆ ಫೋನು ನಡುಗಿತು. ಗುರುತಿಲ್ಲದ ನಂಬರು. ಅದು ಗಂಡ ಸೈಫುಲ್‌ನದೇ ಇರಬೇಕು. ಕಾಫಿ ತೋಟದ ಕೂಲಿಗಳ ಲೈನು ಮನೆಗೆ ಬಂದ ಪೊಲೀಸರು, "ಯಾವ ದೇಶದೋನು ಅಂತ ವಿಚಾರಿಸಿ ಬಿಡ್ತೀವಿ" ಎಂದು ಅವನನ್ನು ಜೀಪು ಹತ್ತಿಸಿಕೊಂಡು ಹೋದಮೇಲೆ ಅವಳು ಅವನ ದನಿ ಕೇಳಿರಲಿಲ್ಲ. ಆದರೂ ಫೋನನ್ನು ಅಂಗೈಯಲ್ಲಿ ಒತ್ತಿ ಹಿಡಿದಳೇ ಹೊರತು ಎತ್ತಲಿಲ್ಲ.

ಎತ್ತಿದರೆ ಬಂಗಾಳಿಯಲ್ಲಿ ಮಾತಾಡಬೇಕು. ಅವರ ಊರು ಇರುವುದು ಅಸ್ಸಾಮಿನಲ್ಲಿ. ಮನೆಮಾತು ಮಾತ್ರ ಗಡಿಯ ಆಚೆಯವರೂ ಆಡುವಂಥದ್ದು. ಮುಂದಿನ ಸೀಟಿನ ಇಬ್ಬರು ಆಗಿನಿಂದ ತೋಟಕ್ಕೆ ಬರುವ ಅಂಥ ಕೂಲಿಗಳ ವಿಷಯವನ್ನೇ ಎತ್ತಿಕೊಂಡಿದ್ದರು.

"ಕೇಳಿದ್ರೆ ಅಸ್ಸಾಮು ಅಂತಾರೆ. ಅಸ್ಸಾಮೋ ಬಾಂಗ್ಲಾನೋ, ಯಾರಿಗ್ಗೊತ್ತು?"

"ಬಾಯಿ ಬಿಟ್ರೆ ಗೊತ್ತಾಗಲ್ವೇನ್ರೀ," ಎಂದ ಕೆಂಪು ಟವೆಲ್ಲಿನವನು.

ಅದಕ್ಕೇ ರೆಹಾನಾ ಮಗಳು ಮರ್ಜಿನಾಳಿಗೆ ಕಟ್ಟಪ್ಪಣೆ ಮಾಡಿದ್ದಳು: ಹೊಸಿಲು ದಾಟಿದ ಮೇಲೆ ನಮ್ಮ ಮಾತು ಬೇಡ. ಪಕ್ಕದಲ್ಲಿ ಕೂತಿದ್ದವಳು ಲೈನಿನ ನೆರೆಮನೆಯ ಚಲುವಮ್ಮ. ಸೈಫುಲ್‌ನ ಕಾಗದಗಳಿದ್ದ ಕವರು ಅವಳ ಮಡಿಲಲ್ಲಿತ್ತು. ಬೇಲೂರಿನ ಠಾಣೆಯಲ್ಲಿ ಅದನ್ನು ತೋರಿಸಿ, "ಇವ ನಮ್ಮೋನೇ ಸ್ವಾಮಿ" ಎಂದು ಹೇಳಿ ಬಿಡಿಸಿಕೊಂಡು ಬರುವುದೆಂದು ಹೊರಟಿದ್ದರು. ಮರ್ಜಿನಾ ಶಾಲೆಗೆ ಸೇರುವ ಮುಂಚೆಯೇ ಕನ್ನಡ ಕಲಿತದ್ದು ಚಲುವಮ್ಮನ ಕಥೆಗಳಿಂದ. ಬೆಳಿಗ್ಗೆ ಹೊರಡುವಾಗ ಹುಡುಗಿ ಕೋಳಿಮರಿಗಳಿಗೆ "ಹೋಗ್ತೀನಿ" ಅಂದದ್ದಕ್ಕೆ ಚಲುವಮ್ಮ ಗದರಿದ್ದಳು.

"ಹಂಗನ್ಬಾರ್ದು ಕಣೇ. ಬತ್ತೀನಿ ಅನ್ಬೇಕು. ಒಬ್ಬ ರಾಜಕುಮಾರ ಹೋಗ್ತೀನಿ ಅಂತ ಹೊಂಟ. ಅವನ ಹಿಂದೆ ದಾರಿ ಮ್ಯಾಗೆಲ್ಲ ಹುಲ್ಲು ಬೆಳ್ಕಂಬುಡ್ತು. ತಿರುಗಿ ನೋಡ್ತಾನೆ, ಊರೇ ಇಲ್ಲ."

ಮರ್ಜಿನಾ ಬಸ್ಸು ಹತ್ತಿದಾಗಿನಿಂದ ಕಿಟಕಿಯಲ್ಲಿ ಹಿಂದಕ್ಕೇ ನೋಡುತ್ತಿದ್ದಳು. ರಸ್ತೆ ಇನ್ನೂ ಇತ್ತು.

ಫೋನು ಸುಮ್ಮನಾಗಿ ಮತ್ತೆ ನಡುಗಿತು. ಚಲುವಮ್ಮ ಅದನ್ನು ಕಿತ್ತುಕೊಂಡು ಹುಡುಗಿಯ ಕಿವಿಗೆ ಹಿಡಿದಳು. "ನೀ ಮಾತಾಡೇ. ಕನ್ನಡ್ದಾಗೆ."

ಮನೆಯಲ್ಲಿ ಮರ್ಜಿನಾ ಸೈಫುಲ್‌ನನ್ನು 'ಅಬ್ಬಾ' ಎನ್ನುತ್ತಿದ್ದಳು. ನಾಲಗೆಯ ತುದಿಗೆ ಬಂದದ್ದನ್ನು ನುಂಗಿ, "ಅಪ್ಪಾ" ಎಂದಳು.

"ಯಾರು?" ಎಂದಿತು ಆ ಕಡೆಯ ದನಿ.

"ನಾನು ಅಪ್ಪಾ, ಮರ್ಜಿ. ಬಸ್ಸಲ್ಲಿದೀವಿ."

ಬಸ್ಸು ಅಂದದ್ದರಲ್ಲೇ, ಮಗಳು ಕನ್ನಡದಲ್ಲೇಕೆ ಮಾತಾಡುತ್ತಿದ್ದಾಳೆಂದು ಸೈಫುಲ್‌ಗೆ ಅರ್ಥವಾಗಿರಬೇಕು. ಅವನ ಕನ್ನಡ ಮೇಸ್ತ್ರಿಯ ಬಾಯಿಂದ ಕೇಳಿ ಕಲಿತ ತೋಟದ ಕನ್ನಡ. ಅದರಲ್ಲೇ ತಡಕಾಡಿ ಮಾತು ಹುಡುಕತೊಡಗಿದ.

"ಊಟ ಆಯ್ತಾ ಅಪ್ಪಾ?"

"ಆಯ್ತು."

"ನಾವು ಬೇಲೂರಿಗೇ ಬತ್ತಾ ಇದೀವಿ. ಕಾಗದ ಎಲ್ಲಾ ತಂದಿದೀವಿ. ಅಲ್ಲೇ ಇರು."

"ಬೇಲೂರು ಇಲ್ಲ. ಅರಸೀಕೆರೆ. ರೈಲು ಟೇಷನ್." ಮತ್ತೆ ಹುಡುಕಿದ. "ಎಲ್ಲಾ ಜನ... ಲೋಡ್ ಆಯ್ತು."

"ಅರಸೀಕೆರೆ ರೈಲು ಟೇಷನ್ನಾ? ಲೋಡ್ ಆಯ್ತಾ?" ಎಂದಳು ಮರ್ಜಿನಾ.

ಅಷ್ಟು ಕನ್ನಡ ರೆಹಾನಾಳಿಗೂ ಬರುತ್ತಿತ್ತು. ಸಂಜೆ ಕಾಫಿ ಹಣ್ಣಿನ ಚೀಲಗಳನ್ನು ಲಾರಿಗೆ ಏರಿಸಿ ಮುಗಿದ ಮೇಲೆ ಮೇಸ್ತ್ರಿ ಕೂಗುವ ಮಾತು ಅದು. ಲೋಡ್ ಆದ ಚೀಲ ತೋಟಕ್ಕೆ ಮರಳಿದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಏನೋ ಕೇಳಲು ಬಾಯಿ ತೆರೆದವಳು, ಮುಂದಿನ ಸೀಟಿನ ಕೆಂಪು ಟವೆಲ್ಲು ಕಂಡು ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಳು.

"ಎಲ್ಲಿಗಂತೆ ಕೇಳೇ," ಎಂದು ಚಲುವಮ್ಮ ತಿವಿದಳು.

"ಎಲ್ಲಿಗೆ ಅಪ್ಪಾ?"

"ಗೊತ್ತಿಲ್ಲ. ಬಾರ್ಡರ್ ಅಂತಾರೆ."

"ಹಳೇಬೀಡಿನ ಮ್ಯಾಲೆ ಅರಸೀಕೆರೆಗೆ ಬಸ್ಸೈತೆ. ಬತ್ತೀವಿ, ರೈಲು ಹತ್ತಬ್ಯಾಡ ಅನ್ನು," ಎಂದಳು ಚಲುವಮ್ಮ. ರೈಲು ಹತ್ತುವುದು ಬಿಡುವುದು ಅವನ ಕೈಯಲ್ಲಿದೆ ಎಂಬಂತೆ.

ಹುಡುಗಿ ಅದನ್ನೂ ಹೇಳಿದಳು. ಅವನು, "ಬೇಡ, ದೂರ" ಎನ್ನುತ್ತಿದ್ದ. ಅಷ್ಟರಲ್ಲಿ ರೈಲು ಕೂಗಿದ್ದು ಕೇಳಿತು. ಯಾರೋ, "ಏಯ್, ಸಾಕು ಕೊಡೋ ಫೋನು" ಎಂದು ಗದರಿದರು. ಸೈಫುಲ್ ಅವಸರವಸರವಾಗಿ, "ಹೋಗ್ತೀನಿ ಮರ್ಜಿ, ಹೋಗ್ತೀನಿ" ಎಂದ.

ಮರ್ಜಿನಾ ಸೀಟು ಬಿಟ್ಟು ಎದ್ದೇಬಿಟ್ಟಳು. "ಹೋಗ್ತೀನಿ ಅನ್ಬಾರ್ದು ಅಪ್ಪಾ. ಬತ್ತೀನಿ ಅನ್ನು. ಬತ್ತೀನಿ ಅನ್ನಪ್ಪಾ."

ಬಸ್ಸಿನಲ್ಲಿ ನಾಲ್ಕಾರು ಮುಖಗಳು ಹಿಂದಕ್ಕೆ ತಿರುಗಿದವು. ಆ ಕಡೆ ಬರೀ ಗದ್ದಲ. ಆಮೇಲೆ ಆ ಗದ್ದಲದ ನಡುವಿನಿಂದ, ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಹೊಸಿಲಲ್ಲಿ ನಿಂತು ಹೇಳುತ್ತಿದ್ದ ಹಾಗೆಯೇ, ಮೆಲ್ಲಗೆ, ಮನೆಮಾತಿನಲ್ಲೇ ಅವನ ದನಿ ಬಂತು.

"ಆಸಿ."

ಲೈನು ಕಟ್ಟಾಯಿತು.

ಕೆಂಪು ಟವೆಲ್ಲಿನವನು ಸೀಟಿನ ಮೇಲೆ ಮೊಣಕೈ ಊರಿ ಕೇಳಿದ. "ಯಾರವ್ವಾ ಫೋನು? ಏನಂತೆ?"

ರೆಹಾನಾಳ ಉಗುರುಗಳು ಮಗಳ ತೋಳಿನಲ್ಲಿ ನಾಟಿದವು.

"ನಮ್ಮಪ್ಪ," ಎಂದಳು ಮರ್ಜಿನಾ. ಅಬ್ಬಾ ಅಂದದ್ದನ್ನು ಹಾಗೆಯೇ ಕನ್ನಡಕ್ಕೆ ತಿರುಗಿಸಿದಳು. "ಬತ್ತೀನಿ ಅಂದ್ರು."

ಹೇಳಿದವಳೇ ಕಿಟಕಿಯಿಂದ ತಲೆ ಹೊರಗೆ ಹಾಕಿ, ಹಿಂದೆ ರಸ್ತೆ ಇದೆಯೋ ಇಲ್ಲವೋ ಎಂದು ನೋಡಿದಳು.