ಐವತ್ತು ಸಲ ರಕ್ತ ಕೊಟ್ಟವನು

ನಾನು ದಾನ ಮಾಡಿದ ರಕ್ತವನ್ನೆಲ್ಲ ಒಟ್ಟುಗೂಡಿಸಿದರೆ ನಮ್ಮೂರ ಕೆರೆ ಎರಡು ಸಲ ಕೋಡಿ ಹರಿದೀತು. ಇಪ್ಪತ್ತು ವರ್ಷಗಳಿಂದ ಮದುವೆಮನೆಯಲ್ಲೂ ಕ್ಷೌರದಂಗಡಿಯಲ್ಲೂ ಇದನ್ನೇ ಹೇಳಿಕೊಂಡು ಬಂದವನು ನಾನು. ನನ್ನ ತಮ್ಮನಂತೂ ತನ್ನ ಕಡೆಯಿಂದ ಇನ್ನೂ ಹತ್ತು ಬಾಟಲಿ ಸೇರಿಸಿ ಹೇಳುತ್ತಿದ್ದ.

ಈಗ ಅದೇ ತಮ್ಮ ಆಸ್ಪತ್ರೆಯ ಮಂಚದ ಮೇಲೆ, ಅರಿಶಿನ ಹಚ್ಚಿಸಿಕೊಂಡ ಮದುಮಗನ ಹಾಗೆ ಹಳದಿಯಾಗಿ ಮಲಗಿದ್ದ.

"ಲಿವರ್ ಕ್ಯಾನ್ಸರ್. ಹೆಪಟೈಟಿಸ್ ಬಿ ಒಳಗೊಳಗೇ ಇದ್ದು ಇಲ್ಲಿಗೆ ತಂದಿದೆ" ಎಂದರು ಡಾಕ್ಟರಮ್ಮ. "ಹುಟ್ಟುವಾಗಲೇ ತಾಯಿಯಿಂದ ಬಂದಿರಬೇಕು. ಮೊದಲೇ ಗೊತ್ತಾಗಿದ್ದರೆ ಮಾತ್ರೆ ಕೊಟ್ಟು ಹಿಡಿತದಲ್ಲಿಡಬಹುದಿತ್ತು. ಅಣ್ಣನವರೇ, ನೀವೂ ಪರೀಕ್ಷೆ ಮಾಡಿಸಿಕೊಳ್ಳಿ."

ತಮ್ಮ ನಕ್ಕ. "ನಮ್ಮಣ್ಣಂಗಾ? ಐವತ್ತು ಸಲ ರಕ್ತ ಕೊಟ್ಟೋನು ಮೇಡಂ ಇವನು. ಅಂಥ ಕಾಯಿಲೆ ಇದ್ದಿದ್ರೆ ಬ್ಲಡ್ ಬ್ಯಾಂಕಿನೋರು ಅವತ್ತೇ ಹೇಳ್ತಿರಲಿಲ್ವಾ? ಹೇಳಣ್ಣ, ನೀನೇ ಹೇಳು."



ಹೇಳಿದ್ದರು, ಇಪ್ಪತ್ತು ವರ್ಷದ ಹಿಂದೆ, ನಾನು ರಕ್ತ ಕೊಟ್ಟ ಆ ಒಂದೇ ಒಂದು ಸಲ, "ನಿಮಗೆ ಹೆಪಟೈಟಿಸ್ ಬಿ ಇದೆ, ಒಡಹುಟ್ಟಿದವರಿದ್ದರೆ ಅವರನ್ನೂ ಪರೀಕ್ಷೆಗೆ ಕರೆದುಕೊಂಡು ಬನ್ನಿ" ಅಂತ.