ಭುಜ ಇಳಿಸಿ ನಿಲ್ಲುವುದು

ಗಂಜಿ ಹಾಕಿದ ಬಟ್ಟೆಯ ವಾಸನೆ ಬಂದರೆ ನನಗೆ ಈಗಲೂ ಸುದ್ದಗುಂಟೆಪಾಳ್ಯದ ಆ ಕರಾಟೆ ಕ್ಲಾಸೇ ನೆನಪಾಗುತ್ತದೆ.

ನನಗಾಗ ಹತ್ತು ವರ್ಷ. ಸ್ಕೂಲು ಬಿಟ್ಟ ಮೇಲೆ ಒಂದು ಮನೆಯ ತಾರಸಿಯಲ್ಲಿ ಕ್ಲಾಸು. ಮುಂದಿನ ವಾರವೇ ಹಳದಿ ಬೆಲ್ಟಿನ ಪರೀಕ್ಷೆ ಇದ್ದುದರಿಂದ ಸಾರ್ ಅವತ್ತು ನನ್ನ ಬೆನ್ನು ಬಿಡಲೇ ಇಲ್ಲ.

"ಭುಜ ಕಿವಿಗೆ ಅಂಟ್ಕೊಂಡಿದೆ ನೋಡು! ಬೆನ್ನು ನೇರ ಇರ್ಲಿ, ಭುಜ ಲೂಸ್ ಬಿಡಮ್ಮ. ಎಷ್ಟು ಸಲ ಹೇಳ್ಲಿ?"

ಅವರು ರೇಗಿದಷ್ಟೂ ನನ್ನ ಮೈ ಇನ್ನಷ್ಟು ಬಿಗಿಯುತ್ತಿತ್ತು. ಗಂಜಿ ಹಾಕಿದ ಕರಾಟೆ ಡ್ರೆಸ್ಸಿನ ಕಾಲರ್ ಬೇರೆ ಕತ್ತು ಉಜ್ಜುತ್ತಿತ್ತು. ಅಳು ಬರುವಷ್ಟು ಸಿಟ್ಟು ನನಗೆ.

ಅಷ್ಟರಲ್ಲಿ ಅಮ್ಮ ಬಂದಳು. ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಅವಳದು ಹೊಲಿಗೆ ಕೆಲಸ. ದಿನವಿಡೀ ಬಗ್ಗಿ ಕೂತಿದ್ದ ಮಿಷಿನ್ ಮುಂದಿನಿಂದ ಎದ್ದು ನೇರ ಬಂದಿದ್ದಳು.

"ಮನೇಲಿ ಸ್ವಲ್ಪ ಪ್ರಾಕ್ಟೀಸ್ ಮಾಡ್ಸಿ ಮೇಡಂ," ಎಂದರು ಸಾರ್.

"ಹೆಂಗೆ ನಿಲ್ಬೇಕು ಸಾರ್? ತೋರ್ಸಿ, ಮಾಡಿಸ್ತೀನಿ."

ಅವರು ನಿಂತು ತೋರಿಸಿದರು. ಅಮ್ಮ ಬ್ಯಾಗ್ ಕೆಳಗಿಟ್ಟು ಹಾಗೇ ನಿಂತಳು. ಅವಳ ಭುಜಗಳು ನನ್ನವಕ್ಕಿಂತ ಮೇಲಿದ್ದವು. ಹಿಂದಿದ್ದ ಹುಡುಗರು ಕಿಸಕ್ಕೆಂದರು.

"ಅಯ್ಯೋ, ಭುಜ ಇಳ್ಸಮ್ಮಾ!" ಎಂದು ಕಿರುಚಿದೆ.

"ಇಳ್ಸಿದೀನಲ್ಲೇ," ಎಂದು ಅಮ್ಮ ನಕ್ಕಳು.

ಸಾರ್ ಅವಳ ಭುಜಗಳನ್ನೇ ಒಂದು ಗಳಿಗೆ ನೋಡಿದರು. ಪ್ಲಾಸ್ಟಿಕ್ ಕುರ್ಚಿ ಎಳೆದು ಹಾಕಿ, "ಕೂತ್ಕೊಳ್ಳಿ ಮೇಡಂ," ಎಂದರು. ನನ್ನ ಕಡೆ ತಿರುಗಿ, "ಇವತ್ತಿಗೆ ಸಾಕು," ಎಂದರು.

ಅಮ್ಮ ಕೂರಲಿಲ್ಲ, ಅಡುಗೆ ಆಗಬೇಕಿತ್ತು. ಎಲ್ಲರೆದುರು ನನ್ನ ಮಾನ ಕಳೆದಳೆಂದು ನಾನು ಮನೆ ತನಕ ಅವಳಿಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದೆ. ನನ್ನ ಸ್ಕೂಲ್ ಬ್ಯಾಗನ್ನೂ ಅವಳೇ ಹೊತ್ತು ತಂದಳು.