ಸುಳ್ಳು ಖಾರ

ಗ್ರಾಸಿಯೆತೆ ಬಾಯಲ್ಲಿದ್ದ ಮೀನನ್ನು ನುಂಗದೆ ತಟ್ಟೆಯ ಅಂಚಿಗೆ ಉಗಿದಳು. ಮತೊಜಿನ್ಯೊಸ್ ಬಂದರಿನ ಆ ಡಬ್ಬಿ ಮೀನಿನ ಕಾರ್ಖಾನೆಯಲ್ಲಿ, ರುಚಿ ನೋಡುವವಳು ಧಣಿಯ ಎದುರೇ ಹಾಗೆ ಉಗಿದದ್ದನ್ನು ಯಾರೂ ಕಂಡಿರಲಿಲ್ಲ. ಲಿಸ್ಬನ್ನಿನಿಂದ ಬಂದಿದ್ದ ವ್ಯಾಪಾರಿ ಫೋರ್ಕ್ ಕೆಳಗಿಟ್ಟ.

"ಏನಾಯ್ತು, ಗ್ರಾಸಿಯೆತೆ?" ಎಂದ ಧಣಿ ಅಬೀಲಿಯೊ.

"ಬೂತಾಯಿ ಮೀನು ಚೆನ್ನಾಗಿದೆ, ಧಣಿ. ಖಾರ ಸುಳ್ಳು. ಇದಕ್ಕೆ ಮೆಣಸಿನಕಾಯಿ ಬಿದ್ದಿಲ್ಲ, ಶೀಶೆ ಎಸೆನ್ಸ್ ಬಿದ್ದಿದೆ. ನಾಲಿಗೆ ಸುಡುತ್ತೆ, ಗಂಟಲಿಗೆ ಏನೂ ಇಳಿಯಲ್ಲ."

"ತಿನ್ನೋರಿಗೆ ಅದೆಲ್ಲ ಎಲ್ಲಿ ಗೊತ್ತಾಗುತ್ತೆ? ಚೆನ್ನಾಗಿದೆ ಅಂತ ಒಂದು ಮಾತು ಹೇಳು, ಮುಗೀತು."

"ಹೇಳಲ್ಲ."

ಪಕ್ಕದಲ್ಲಿ ಕೂತಿದ್ದ ಗೆಳತಿ ಜುಲ್ಮೀರಾ ಅವಳ ಕಾಲು ತುಳಿದಳು. "ಸುಮ್ನಿರೇ, ಪಿಂಚಣಿ ಕಣ್ಣೆದುರಿಗೇ ಇದೆ ನಿಂಗೆ," ಎಂದು ಪಿಸುಗುಟ್ಟಿದಳು.

ಅಬೀಲಿಯೊ ನಕ್ಕ. "ನೀನು ಹೇಳದಿದ್ರೆ ಬೇಡ ಬಿಡು. ನಿಮ್ಮಮ್ಮ ಹೇಳ್ತಾಳಲ್ಲ!" ಎಂದು ಡಬ್ಬಿಯೊಂದನ್ನು ವ್ಯಾಪಾರಿಯತ್ತ ತಿರುಗಿಸಿದ. ಡಬ್ಬಿಗೆ ಸುತ್ತಿದ್ದ ಹಳದಿ ಕಾಗದದ ಮೇಲೆ, ತಲೆಗೆ ವಸ್ತ್ರ ಕಟ್ಟಿದ ಹೆಂಗಸೊಬ್ಬಳು ನಗುತ್ತಿದ್ದಳು. ಅದು ಗ್ರಾಸಿಯೆತೆಯ ಅಮ್ಮ; ಈ ಡಬ್ಬಿಯ ಖಾರದ ಮಸಾಲೆಯನ್ನು ಮೊದಲು ಕೂಡಿಸಿದವಳು ಅವಳೇ. ಅವಳು ತೀರಿಕೊಂಡಾಗ ಅಬೀಲಿಯೊನ ಅಪ್ಪ ಗೌರವಕ್ಕೆಂದು ಆ ಚಿತ್ರ ಹಾಕಿಸಿದ್ದ.

ಗ್ರಾಸಿಯೆತೆ ಎದ್ದು ನಿಂತಳು. ಮೇಜಿನ ಮೇಲಿದ್ದ ಡಬ್ಬಿಗಳನ್ನು ಒಂದೊಂದಾಗಿ ಎತ್ತಿಕೊಂಡು, ಕಾಗದ ಹರಿಯದಂತೆ ಬಿಚ್ಚಿ, ಮಡಚಿ ಜೇಬಿಗಿಟ್ಟುಕೊಂಡಳು. ಅವಳನ್ನು ತಡೆಯಲು ಯಾರಿಗೂ ಕೈ ಬರಲಿಲ್ಲ. ಕೊನೆಗೆ ಬೋಳು ತಗಡಿನ ಡಬ್ಬಿಗಳನ್ನೆಲ್ಲ ಧಣಿಯ ಮುಂದೆ ತಳ್ಳಿದಳು.

"ತಗೋ, ಅಬೀಲಿಯೊ. ಈಗ ನಿನ್ನ ಮುಖ ಹಾಕ್ಕೊಂಡು ಮಾರು."